ತೋಳಿನ ಹಸಿರು ಪಟ್ಟಿ

"ತಡಿ ಬೇಟಿ," ಎಂದು ರೋಷನಬಿ ಮಗಳ ಬೆರಳನ್ನು ಆಟಿಕೆ ರಾಕೆಟ್ ಹಾರಿಸುವ ಗುಂಡಿಯ ಮೇಲಿಂದ ಸರಿಸಿದಳು. ಪ್ರಯಾಣ ಹೊರಟವರ ತೋಳಿಗೆ ರಕ್ಷೆಯೆಂದು ಕಟ್ಟುವ, ನಾಣ್ಯ ಗಂಟಿಕ್ಕಿದ ಹಸಿರು ಪಟ್ಟಿಯನ್ನು ರಾಕೆಟ್ಟಿಗೆ ಸುತ್ತಲು ಬಾಗಿದಳು.

"ಅಮ್ಮೀ, ಭಾರ ಆಗಿ ವಾಲ್ತದ. ಹೋದ ಸಲದ್ದು ಖಾಡಿ ನೀರಿಗೆ ಬಿತ್ತಲ್ಲ!" ಶಿರೀನ್ ಸಿಡುಕಿದಳು.

"ಹಂಗಾರ ಅದರ ಬದಲಿ ನಾ ಕಟ್ಕೋತೀನಿ," ಎಂದು ರೋಷನಬಿ ಪಟ್ಟಿಯನ್ನು ತನ್ನ ತೋಳಿಗೇ ಬಿಗಿದುಕೊಂಡಳು.

ಶಿರೀನ್ ಗುಂಡಿ ಒತ್ತಿದಳು. ಹೊಗೆಯ ದಾರವೊಂದು ಸುಂಯ್ಯೆಂದು ಮುಂಬೈಯ ವಡಾಲದ ಬಿಲ್ಡಿಂಗುಗಳ ತಲೆ ದಾಟಿ ಏರಿತು. ರೋಷನಬಿಯ ಮನಸ್ಸೂ ಅದರ ಹಿಂದೆಯೇ ಹೋಯಿತು. ಚಾಳಿನ ಓಣಿಯಿಂದ ಅಂಗೈಯಗಲ ಕಾಣುತ್ತಿದ್ದ ಆಕಾಶ ಇಷ್ಟು ದೊಡ್ಡದೇ? ತುತ್ತತುದಿಯಲ್ಲಿ ಕೆಂಪು ಪ್ಯಾರಾಶೂಟ್ ಅರಳಿ, ರಾಕೆಟ್ ತೇಲುತ್ತ ಬಂದು ಬಯಲಿನ ಹುಲ್ಲಿಗಿಳಿಯಿತು.

ಶಿರೀನ್ ಓಡಿಹೋಗಿ ಎತ್ತಿ ತಂದರೂ ತಾಯಿ ಇನ್ನೂ ಮೇಲೆಯೇ ನೋಡುತ್ತಿದ್ದಳು.

"ಅಮ್ಮೀ, ಇಳದು ಬಂತು ನೋಡು."

ರೋಷನಬಿ ತೋಳಿನ ಗಂಟನ್ನು ಮುಟ್ಟಿಕೊಂಡಳು. "ನಾ ಇನ್ನಾ ಇಳದಿಲ್ಲ ಬೇಟಿ."