ದನಿಯ ಭರಣಿ

ಮಾತಿನ ಭರಣಿಗೆ ಒದ್ದೆ ಕೈ ತಾಗಬಾರದೆಂದು ಝೀನತ್ ಸೆರಗಿನಲ್ಲಿ ಕೈಯನ್ನು ಮತ್ತೆ ಮತ್ತೆ ಒರೆಸಿಕೊಂಡಳು. ಎಲ್ಲರ ಮನೆಯಲ್ಲೂ ಮಾವಿನಮಿಡಿಯ ಪಕ್ಕ ಇಂಥ ಭರಣಿಗಳಿರುತ್ತವೆ. ಇದು ಮಾತ್ರ ಅವಳು ಹಾಸ್ಟೆಲಿನ ಕಡೆಯ ದಿನ ಗೆಳತಿ ಇಂದ್ರಾಣಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, ಉತ್ತರಗಳಿಗೆ ಉಪ್ಪು ಹಾಕಿ ಮುಚ್ಚಿಟ್ಟದ್ದು.

ಗಂಟಲಿನ ಆಪರೇಷನ್ ಆಗಿ ಇಂದ್ರಾಣಿಗೆ ಬರೀ ಪಿಸುದನಿ ಉಳಿದ ಮೇಲೆ, ಇಬ್ಬರೂ ಕೂತು ವರ್ಷಕ್ಕೊಂದು ಉತ್ತರ ತೆಗೆದು ಕೇಳುತ್ತಿದ್ದರು. ಒಮ್ಮೆ ಕೇಳಿದ್ದು ಮತ್ತೆ ಸಿಗದು. ಮುಂದೆ ಏನಾಗ್ತೀಯ, ಯಾವ ಬಣ್ಣ ಇಷ್ಟ, ಎಂಥ ಗಂಡ ಬೇಕು, ಎಲ್ಲ ಮುಗಿದು ಈಗ ತಳದಲ್ಲಿ ಒಂದೇ ಉಳಿದಿತ್ತು.

ಮುಚ್ಚಳ ತೆಗೆದದ್ದೇ ತಡ, ಹಾಸ್ಟೆಲ್ ಹುಡುಗಿ ಇಂದ್ರಾಣಿಯ ನಗು ಅಡುಗೆಮನೆ ತುಂಬಿತು.

"ಮುಂದೆ ಯಾವುದಕ್ಕೆ ಕೊರಗ್ತೀಯ ಅಂತ ಕೇಳ್ತೀಯಲ್ಲೇ ಝೀನೂ! ಕೊರಗೋಕೆ ಪುರುಸೊತ್ತೆಲ್ಲಿ? ನಾನು ಹಾಡ್ತಾನೇ ಇರ್ತೀನಿ."

ಅಷ್ಟಕ್ಕೇ ಬಿಡದೆ ಆ ದನಿ ಹಾಡತೊಡಗಿತು. ಕುಕ್ಕರಿನ ಸೀಟಿಗೂ ಜಗ್ಗದೆ ಮೇಲಿನ ಷಡ್ಜಕ್ಕೆ ಏರಿ, ಅಲ್ಲೇ ತುಸು ನಿಂತು, ಮುಗಿದುಹೋಯಿತು.

ಝೀನತ್ ಖಾಲಿ ಭರಣಿಯನ್ನೆತ್ತಿ ಪಕ್ಕದಲ್ಲಿ ಕೂತಿದ್ದ ಇಂದ್ರಾಣಿಯ ಬಾಯಿಯ ಹತ್ತಿರ ಹಿಡಿದಳು.

"ಅದನ್ನೇ ಮತ್ತೆ ಕೇಳ್ತಿದೀನಿ. ಈಗ ಹೇಳು."

"ಬೇಡ ಕಣೇ," ಇಂದ್ರಾಣಿ ಪಿಸುಗುಟ್ಟಿದಳು. "ಪಿಸುಮಾತಿಗೆ ಬೇಗ ಬೂಷ್ಟು ಹಿಡಿಯತ್ತೆ."

"ನೀನು ಹೇಳೇ. ಉಪ್ಪು ಜಾಸ್ತಿ ಹಾಕ್ತೀನಿ."