ಕಳ್ಳನ ಪಾಲು

ದರ್ಜಿ ತಟ್ಟೆಯನ್ನು ಒಂದೇ ಬೆರಳಿನಿಂದ ಅತ್ತ ತಳ್ಳಿದ. ತಟ್ಟೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಕ್ಯಾರೆಟ್, ಸೌತೆಕಾಯಿ, ಬೇಯಿಸಿದ ಬೀನ್ಸ್, ಎಲ್ಲದರ ಮೇಲೆ ಸೊಸೆ ಆಸೆಯಿಂದ ಹಿಂಡಿದ ನಿಂಬೆರಸ. "ನಾನೇನು ದನವೇನಮ್ಮ, ದಿನಾ ಮುಂದೆ ಮೇವು ತಂದು ಹಾಕ್ತೀಯಲ್ಲ?" ಅಂದ. ಸೊಸೆ ಬೆಳಿಗ್ಗೆಯಷ್ಟೇ ಬಂದಿಳಿದಿದ್ದ ದೊಡ್ಡತ್ತೆಯ ಮುಖ ನೋಡಿದಳು. ಫೋನ್ ಮಾಡಿ ಕರೆಸಿಕೊಂಡವಳು ಅವಳೇ. ಮಾವನಿಗೆ ಬುದ್ಧಿ ಹೇಳಬಲ್ಲವರು ಈ ಭೂಮಿಯ ಮೇಲೆ ಅವರ ಅಕ್ಕ ಒಬ್ಬರೇ ಎಂಬುದು ಅವಳ ನಂಬಿಕೆ.

"ಡಾಕ್ಟರು ಏನಂದ್ರು?" ಅಕ್ಕ ಕೇಳಿದಳು.

"ಸಕ್ಕರೆ ಕಾಯಿಲೆ ಕಣ್ಣಿಗೆ ತಗುಲ್ತಾ ಇದೆಯಂತೆ. ಸಿಹಿ ಬಿಡಿ, ತರಕಾರಿ ಜಾಸ್ತಿ ತಿನ್ನಿ ಅಂದ್ರು," ಸೊಸೆ ತಲೆ ತಗ್ಗಿಸಿಕೊಂಡೇ ಹೇಳಿದಳು. "ಮಾವ ಅಂಗಡಿ ಡ್ರಾಯರಲ್ಲಿ ದಾರದುಂಡೆಗಳ ಕೆಳಗೆ ಸಿಹಿ ಬನ್ನು ಬಚ್ಚಿಡ್ತಾರೆ, ದೊಡ್ಡತ್ತೆ. ಈಗೀಗ ಸೂಜಿಗೆ ದಾರ ಪೋಣಿಸೋಕೂ ನನ್ನನ್ನೇ ಕರೀತಾರೆ."

ದರ್ಜಿಯ ಮುಖ ಸಪ್ಪೆಯಾಯಿತು. ಬನ್ನಿನ ಮಾತಿಗಲ್ಲ, ದಾರದ ಮಾತಿಗೆ. ಹೊಲಿಗೆ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿರಲಿಲ್ಲ. ಕಣ್ಣು ಹೋದರೆ ಕತ್ತರಿಯೂ ಹೋಯಿತು, ಅಂಗಡಿಯೂ ಹೋಯಿತು. ಆ ಭಯ ಹಗಲೂ ಇರುಳೂ ಕೊರೆಯುತ್ತಲೇ ಇತ್ತು. ಆದರೂ ಆ ತಟ್ಟೆ ಕಂಡರೆ ಕೈ ಮುಂದೆ ಹೋಗುತ್ತಿರಲಿಲ್ಲ. ಊಟ ಬಡಿಸಿದಂತೆ ಅಲ್ಲ, ಯಾರೋ ಔಷಧಿ ಕುಡಿಸಲು ಮೂಗು ಹಿಡಿದಂತೆ ಅನ್ನಿಸುತ್ತಿತ್ತು.

ಅಕ್ಕ ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ತಟ್ಟೆಯನ್ನು ಎತ್ತಿ, "ಇದನ್ನ ನೀನು ತಿನ್ನಮ್ಮ, ಸೊರಗಿದ್ದೀಯ" ಎಂದು ಸೊಸೆಯ ಕೈಗಿಟ್ಟಳು. ಬುಟ್ಟಿಯಿಂದ ಬೇರೆ ಕ್ಯಾರೆಟ್, ಸೌತೆಕಾಯಿ ಆರಿಸಿಕೊಂಡು ಅಡುಗೆಮನೆಯ ಮೇಜಿನ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ಕುಳಿತಳು. "ಇದು ರಾತ್ರಿ ಅಡುಗೆಗೆ. ಯಾರಾದರೂ ಮುಟ್ಟಿದರೆ ಕೈ ಮುರೀತೀನಿ," ಎಂದು ಗೋಡೆಗೆ ಹೇಳಿ ಹೆಚ್ಚತೊಡಗಿದಳು.

ದರ್ಜಿ ಒಳಗೆ ಬಂದದ್ದು ನೀರು ಕುಡಿಯಲು. ಆದರೆ ಮಣೆಯ ಮೇಲೆ ಚಾಕುವಿನ ಟಕಟಕ ಸದ್ದು, ಹೆರೆದ ಕ್ಯಾರೆಟ್ಟಿನ ಹಸಿ ವಾಸನೆ, ಸ್ವಲ್ಪ ಎಡಕ್ಕೆ ಬಾಗಿದ ಆ ಬೆನ್ನು. ವಯಸ್ಸಾಗುತ್ತ ಅಕ್ಕನ ಬೆನ್ನು ಥೇಟ್ ಅಮ್ಮನದೇ ಆಗಿತ್ತು. ಅವನ ಕೈ ಅವನನ್ನು ಕೇಳದೆಯೇ ಮಣೆಯ ಅಂಚಿಗೆ ಹೋಯಿತು.

"ಬಂತು ಕಳ್ಳಬೆಕ್ಕು," ಅಕ್ಕ ತಿರುಗಿ ನೋಡದೆ ಅಂದಳು. ಚಾಕುವಿನ ಹಿಡಿಯಿಂದ ಬೆರಳಿಗೆ ಸಣ್ಣದೊಂದು ಏಟೂ ಬಿತ್ತು. ಅಷ್ಟರೊಳಗೆ ಹೋಳು ಬಾಯಿ ಸೇರಿಯಾಗಿತ್ತು.

ಕಟುಂ ಎಂದಿತು. ಆ ಸದ್ದಿಗೆ ಹಳೆಯ ಮನೆಯ ಅಡುಗೆಕೋಣೆ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂದು ನಿಂತಿತು. ಮಸಿ ಹಿಡಿದ ಕಿಟಕಿ, ಶಾಲೆಯಿಂದ ಬಂದು ಬಾಗಿಲಲ್ಲೇ ಎಸೆದ ಚೀಲ. ಎಲೆಕೋಸಿನ ದಿಂಡೋ, ಮೂಲಂಗಿಯೋ, ಸಿಕ್ಕಿದ್ದನ್ನು ಬಾಚಿಕೊಂಡು ಹಿತ್ತಿಲ ಗೋಡೆಯೇರಿ ಕೂತು ತಿನ್ನುತ್ತಿದ್ದರೆ ಒಳಗಿನಿಂದ ಅಮ್ಮನ ಬೈಗುಳ ಕೇಳುತ್ತಲೇ ಇರುತ್ತಿತ್ತು. ಅಂಥ ರುಚಿ ಆಮೇಲೆ ಅವನ ನಾಲಿಗೆಗೆ ಸಿಕ್ಕಿರಲೇ ಇಲ್ಲ.

ಇನ್ನೊಂದು ಹೋಳು ಎತ್ತಿದ. ಅದರ ಹಿಂದೆಯೇ ಮತ್ತೊಂದು. "ಎಷ್ಟು ಕದ್ದಿದ್ದೀನಿ ಅಕ್ಕ, ಲೆಕ್ಕವೇ ಇಲ್ಲ. ಪಾಪ, ಅಮ್ಮ ಬೈದು ಬೈದು ಸುಸ್ತಾಗ್ತಿದ್ದಳು. ಅಡುಗೆಗೆ ಕಡಿಮೆ ಬೀಳ್ತಿತ್ತೋ ಏನೋ."

"ಕಡಿಮೆ ಯಾಕೋ ಬೀಳುತ್ತೆ? ಸಿಪ್ಪೆ ಹೆರೆದು ಕೊಡ್ತಿದ್ದವಳು ನಾನಲ್ಲವಾ?" ಅಕ್ಕ ಚಾಕು ಕೆಳಗಿಟ್ಟಳು. "'ಮೊದಲು ಕಳ್ಳನ ಪಾಲು ತೆಗೆದು ಅಂಚಿಗಿಡು, ಆಮೇಲೆ ಅಡುಗೆಗೆ' ಅನ್ನೋಳು ಅಮ್ಮ. ತಟ್ಟೆಗೆ ಹಾಕಿಕೊಟ್ಟರೆ ನೀನು ಅವತ್ತೂ ಮುಟ್ತಿರಲಿಲ್ಲ."

ದರ್ಜಿ ಅಗಿಯುವುದನ್ನು ನಿಲ್ಲಿಸಿದ. ಕೈಯಲ್ಲಿದ್ದ ಬೆರಳುದ್ದದ ಹೋಳನ್ನು ತಿರುಗಿಸಿ ನೋಡಿದ. ಜೀವಮಾನವಿಡೀ ಕೊರಳಿಗೆ ಟೇಪು ಹಾಕಿಕೊಂಡು ಓಡಾಡಿದವನಿಗೆ ಇದೊಂದು ಅಳತೆ ಕಂಡೇ ಇರಲಿಲ್ಲ. ಅಮ್ಮನ ಪಾತ್ರೆಯಲ್ಲಿ ಬೇಯುತ್ತಿದ್ದದ್ದೆಲ್ಲ ಸಣ್ಣ ಸಣ್ಣ ಚೂರು. ತಾನು ಕದಿಯುತ್ತಿದ್ದದ್ದು ಮಾತ್ರ ಯಾವತ್ತೂ ಬೆರಳುದ್ದ, ಓಡುವ ಹುಡುಗನ ಮುಷ್ಟಿಗೆ ಸರಿಹೊಂದುವಂತೆ. ಅಮ್ಮನನ್ನು ಒಂದು ಸಲ ನೋಡಬೇಕು ಅನ್ನಿಸಿತು ಅವನಿಗೆ. ಕಣ್ಣೊರೆಸಿಕೊಂಡ. ಯಾರಾದರೂ ಕೇಳಿದರೆ ಈರುಳ್ಳಿಯ ಮೇಲೆ ಹಾಕೋಣವೆಂದರೆ ಮಣೆಯ ಮೇಲೆ ಈರುಳ್ಳಿಯೇ ಇರಲಿಲ್ಲ.

ಮರುದಿನ ಅಕ್ಕ ಹೊರಡುವ ಮುಂಚೆ ಸೊಸೆಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದಳು. "ಅಯ್ಯೋ, ನನ್ನ ಕೈಲಾಗಲ್ಲ ದೊಡ್ಡತ್ತೆ," ಎಂದು ಸೊಸೆ ಬಾಯಿಗೆ ಸೆರಗು ಹಿಡಿದಳು.

ಅಂದು ಸಂಜೆ ದರ್ಜಿ ಅಂಗಡಿ ಮುಚ್ಚಿ ಬಂದಾಗ ಸೊಸೆ ಬಾಗಿಲಿಗೆ ಬೆನ್ನು ಹಾಕಿ ಹೆಚ್ಚುತ್ತಿದ್ದಳು. ಮಣೆಯ ಅಂಚಿನಲ್ಲಿ ಬೆರಳುದ್ದದ ಹೋಳುಗಳು ಬೇರೆಯೇ ಬಿದ್ದಿದ್ದವು. ಅವನು ಚಪ್ಪಲಿ ಕಳಚಿ, ಕಳ್ಳಹೆಜ್ಜೆ ಇಟ್ಟು ಬಂದು, ಒಂದನ್ನು ಎತ್ತಿ ಬಾಯಿಗಿಟ್ಟು ಕಾದು ನಿಂತ. ಮದುವೆಯಾಗಿ ಬಂದಂದಿನಿಂದ ಮಾವನ ಮುಂದೆ ದನಿ ಏರಿಸಿದವಳಲ್ಲ ಅವಳು. ಕತ್ತು ಬಗ್ಗಿಸಿದಳು, ಗಂಟಲು ಸರಿಮಾಡಿಕೊಂಡಳು.

"ಬಂತು ಕಳ್ಳಬೆಕ್ಕು," ಅಂದಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. "ಹೀಗನ್ನಬೇಕು ಅಂತ ದೊಡ್ಡತ್ತೆ ಹೇಳಿ ಹೋಗಿದ್ದಾರೆ, ಮಾವ."

"ಇನ್ನೂ ಸ್ವಲ್ಪ ಜೋರಾಗಿ ಬೈಯಮ್ಮ," ದರ್ಜಿ ಇನ್ನೊಂದಕ್ಕೆ ಕೈ ಚಾಚುತ್ತ ಅಂದ. "ಇಷ್ಟು ಮೆತ್ತಗೆ ಬೈದರೆ ಗಂಟಲಲ್ಲಿ ಇಳಿಯಲ್ಲ."