ಬೆಸುಗೆಯಲ್ಲಿ ನಿಂತ ಹಾಡು

“ಯಾರಪ್ಪಾ ಹಾಡಿದ್ದು?” ಕಟ್ಟುತ್ತಿರುವ ಅಣುಶಕ್ತಿ ಜಲಾಂತರ್ಗಾಮಿಯ ಹೊಟ್ಟೆಗೆ ಕಿವಿಯಿಟ್ಟು, ತಪಾಸಣೆಗೆ ಬಂದ ಗಾಂವಕರರು ತಮ್ಮಷ್ಟಕ್ಕೇ ಕೇಳಿದರು.

ಬೆಸೆಯುವಾಗ ಕೇಳಿದ್ದನ್ನೆಲ್ಲ ಉಕ್ಕು ಗುನುಗುತ್ತಲೇ ಇರುತ್ತದೆ. ಗುನುಗುವ ನೌಕೆ ಶತ್ರುವಿಗೆ ಸಿಕ್ಕಿಬೀಳುತ್ತದೆ. ಅದಕ್ಕೇ ಇಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ದುಡಿಯುತ್ತಾರೆ.

“ನಾನೇ ಸಾಹೇಬ್ರೆ, ಬಟ್ಟೆ ಜಾರ್ತು,” ಎಂದಳು ಬೆಸುಗೆಯ ಹೊನ್ನಮ್ಮ.

“ಮುನಿದ ಭಾಮೆಯ ಬಾಗಿಲು ಕೃಷ್ಣ ತಟ್ಟಿದ. ಹಾಡು ಅಲ್ಲಿಗೇ ನಿಂತಿದ್ಯಲ್ಲೇ!”

“ಊಟದ ಗಂಟೆ ಹೊಡೀತು.”

“ಸರಿ, ಈ ಬೆಸುಗೇನ ಕಡಿದು ತೆಗೀಬೇಕು.”

ಕಡಿದು ಮತ್ತೆ ಬೆಸೆಯಲು ಎರಡು ತಿಂಗಳ ಕೆಲಸ. ಹೊನ್ನಮ್ಮನ ಮುಖ ಇಳಿಯಿತು.

ಗಾಂವಕರರು ಮತ್ತೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ, “ಭಾಮೆ ಬಾಗಿಲು ತೆಗೆದಳಾ? ಅದೊಂದು ಹಾಡಿಬಿಡೇ,” ಎಂದರು.

ಹೊನ್ನಮ್ಮ ಬಾಯಿಬಟ್ಟೆ ಬಿಗಿದುಕೊಳ್ಳುತ್ತ ಹೇಳಿದಳು: “ಕಡಿಯೂಕೆ ಬಂದವ್ರಿಗೆ ನಾ ಹಾಡೂದಿಲ್ಲ.”